ಪರೀಕ್ಷೆಗೆ ಪಾದರಸ, ಹಳ್ಳಿಯವರ ಬಾಯಿಗೂ ಪಾದರಸ: ದಂತ ಕಾಲೇಜಿನ ಪಾಠ ಬದಲಾಗಬೇಕು

ಹುಳುಕು ಹಲ್ಲಿಗೆ ‘ಬೆಳ್ಳಿ ತುಂಬಿಸಿಕೊಂಡು ಬಂದೆ’ ಎನ್ನುವವರು ನಮ್ಮೂರುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ದವಡೆ ಹಲ್ಲಿನ ಮೇಲೆ ಬೂದು ಬಣ್ಣದ, ಹಳೆಯದಾದರೆ ಕಪ್ಪಗೆ ಕಾಣುವ ತೇಪೆ ಅದು. ಹೆಸರಿಗೆ ಬೆಳ್ಳಿ. ತೂಕ ಹಾಕಿ ನೋಡಿದರೆ ಅದರಲ್ಲಿ ಹೆಚ್ಚೂ ಕಡಿಮೆ ಅರ್ಧದಷ್ಟು ಪಾದರಸ. ಉಳಿದರ್ಧದಲ್ಲಿ ಬೆಳ್ಳಿ, ತವರ, ತಾಮ್ರದ ಪುಡಿ. ಹಲ್ಲಿನ ಡಾಕ್ಟರುಗಳು ಇದಕ್ಕೆ ಅಮಾಲ್ಗಂ ಎನ್ನುತ್ತಾರೆ.

ಇದನ್ನು ಓದಿ ಯಾರೂ ಹೆದರಿಕೊಂಡು ಆಸ್ಪತ್ರೆಗೆ ಓಡಬೇಡಿ. ಬಾಯಲ್ಲಿ ಗಟ್ಟಿಯಾಗಿ ಕೂತಿರುವ ಬೆಳ್ಳಿ ಫಿಲ್ಲಿಂಗನ್ನು ಸುಮ್ಮನೆ ತೆಗೆಸಬೇಕಿಲ್ಲ. ತೆಗೆಯುವಾಗ ಕೊರೆದರೆ ಆ ಹೊತ್ತಿನಲ್ಲೇ ಪಾದರಸದ ಆವಿ ಹೆಚ್ಚು ಏಳುತ್ತದೆ, ಒಳ್ಳೆಯ ಹಲ್ಲೂ ಒಂದಿಷ್ಟು ಹೋಗುತ್ತದೆ. ಒಡೆದಿದ್ದರೆ, ಸಡಿಲವಾಗಿದ್ದರೆ, ಕೆಳಗೆ ಹುಳುಕು ಸೇರಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.

ನಾವು ಇಲ್ಲಿ ಹೇಳಲು ಹೊರಟಿರುವುದು ಬೇರೆ ಮಾತು. ಅಮಾಲ್ಗಂ ಹೋಗಬೇಕು ಎಂದು ಜಗತ್ತಿನ ದೇಶಗಳು ಒಪ್ಪಿ ಆಗಿದೆ. ಆದರೆ ಅದು ನಮ್ಮ ಊರಿನಿಂದ ಸರಿಯಾಗಿ ಹೋಗಬೇಕಾದರೆ ಮೊದಲು ಬದಲಾಗಬೇಕಾದದ್ದು ಆಸ್ಪತ್ರೆಯ ಕಪಾಟಲ್ಲ, ದಂತ ಕಾಲೇಜಿನ ಪಾಠ ಮತ್ತು ಪರೀಕ್ಷೆ. ಪಾಠ ಹಾಗೇ ಇದ್ದು ಸಾಮಾನು ಮಾತ್ರ ಬದಲಾದರೆ ನಷ್ಟ ಆಗುವುದು ಹಳ್ಳಿಯವರಿಗೆ. ಹೇಗೆ ಎಂದು ಒಂದೊಂದಾಗಿ ನೋಡೋಣ.

ಎಲ್ಲಿಂದ ಬಂತು ಈ ಮಾತು

ಜಪಾನಿನ ಮಿನಮಾತ ಎಂಬ ಊರಿನಲ್ಲಿ ಒಂದು ರಾಸಾಯನಿಕ ಕಾರ್ಖಾನೆ ಪಾದರಸ ಬೆರೆತ ನೀರನ್ನು ಸಮುದ್ರಕ್ಕೆ ಬಿಡುತ್ತಿತ್ತು. ಅದು ಮೀನಿಗೆ ಸೇರಿತು, ಮೀನಿನಿಂದ ಜನರ ಮೈಗೆ ಸೇರಿತು. ಕೈಕಾಲು ಸ್ವಾಧೀನ ತಪ್ಪಿದವರು, ಕಣ್ಣು ಮಂಜಾದವರು, ಹುಟ್ಟುವಾಗಲೇ ಊನವಾದ ಮಕ್ಕಳು. ಆ ಕಾಯಿಲೆ ಅಧಿಕೃತವಾಗಿ ಬೆಳಕಿಗೆ ಬಂದದ್ದು 1956ರಲ್ಲಿ. ಅದೇ ಊರಿನ ಹೆಸರಿನಲ್ಲಿ 2013ರಲ್ಲಿ ಜಗತ್ತಿನ ದೇಶಗಳು ಒಂದು ಒಪ್ಪಂದ ಮಾಡಿಕೊಂಡವು. ಅದು 2017ರಲ್ಲಿ ಜಾರಿಗೆ ಬಂತು. ಭಾರತ 2018ರಲ್ಲಿ ಅದನ್ನು ಅಂಗೀಕರಿಸಿತು.

ಪಾದರಸದ ಥರ್ಮಾಮೀಟರು, ಪಾದರಸದ ಬಿಪಿ ಮಷಿನ್ನು ಆಸ್ಪತ್ರೆಗಳಿಂದ ಮರೆಯಾಗುತ್ತಾ ಬಂದಿರುವುದನ್ನು ನೀವೂ ನೋಡಿರುತ್ತೀರಿ. ಅದೂ ಇದೇ ದಾರಿಯ ಮಾತು. ಹಲ್ಲಿನ ಫಿಲ್ಲಿಂಗ್ ವಿಷಯದಲ್ಲಿ ಮಾತ್ರ ಒಪ್ಪಂದ ಮೊದಲಿಗೆ ನಿಧಾನದ ಹಾದಿ ಹಿಡಿಯಿತು. ಒಮ್ಮೆಲೇ ನಿಲ್ಲಿಸಿ ಎನ್ನಲಿಲ್ಲ, ಕಡಿಮೆ ಮಾಡುತ್ತಾ ಬನ್ನಿ ಎಂದಿತು. ಅದಕ್ಕಾಗಿ ಒಂಬತ್ತು ಕ್ರಮಗಳ ಪಟ್ಟಿ ಕೊಟ್ಟು, ಅವುಗಳಲ್ಲಿ ಕನಿಷ್ಠ ಎರಡನ್ನು ಆರಿಸಿಕೊಂಡು ಜಾರಿ ಮಾಡಿ ಎಂದಿತು. ಆ ಪಟ್ಟಿಯಲ್ಲಿ ದಂತ ಕಾಲೇಜುಗಳ ಹೆಸರು ನೇರವಾಗಿಯೇ ಇದೆ. ಪಾದರಸ ಇಲ್ಲದ ಫಿಲ್ಲಿಂಗ್ ಹಾಕುವುದನ್ನು ವಿದ್ಯಾರ್ಥಿಗಳಿಗೂ ಡಾಕ್ಟರುಗಳಿಗೂ ಕಲಿಸಲು ಉತ್ತೇಜನ ಕೊಡಬೇಕು ಎಂದು ಅಲ್ಲಿ ಬರೆದಿದೆ.

ಆಮೇಲೆ ಹಗ್ಗ ಬಿಗಿಯಾಯಿತು. 2022ರಲ್ಲಿ ದೇಶಗಳು ಮತ್ತೆ ಸೇರಿದಾಗ, ಹಾಲುಹಲ್ಲಿಗೆ, 15 ವರ್ಷದೊಳಗಿನ ಮಕ್ಕಳಿಗೆ, ಬಸುರಿಯರಿಗೆ, ಮೊಲೆಹಾಲು ಕುಡಿಸುವ ತಾಯಂದಿರಿಗೆ ಅಮಾಲ್ಗಂ ಹಾಕಬಾರದು, ಡಾಕ್ಟರಿಗೆ ಅನಿವಾರ್ಯ ಎನಿಸಿದರೆ ಮಾತ್ರ ಹಾಕಬಹುದು ಎಂದು ತೀರ್ಮಾನವಾಯಿತು. 2025ರ ಜನವರಿ 1ರಿಂದ ಯುರೋಪಿಯನ್ ಒಕ್ಕೂಟ, ತೀರಾ ಅಗತ್ಯ ಬಿದ್ದ ರೋಗಿಗಳನ್ನು ಬಿಟ್ಟು, ಅಮಾಲ್ಗಂ ಬಳಕೆ ನಿಲ್ಲಿಸಿದೆ. 2025ರ ನವೆಂಬರಿನಲ್ಲಿ ಜಿನೀವಾದಲ್ಲಿ ನಡೆದ ಸಭೆಯಲ್ಲಿ 2034ರೊಳಗೆ ಅಮಾಲ್ಗಂಗೆ ವಿದಾಯ ಹೇಳಲು ದೇಶಗಳು ಒಪ್ಪಿದವು.

ಈಗ ಒಂದು ಲೆಕ್ಕ ಹಾಕಿ. 2026ರಲ್ಲಿ ಬಿಡಿಎಸ್‌ಗೆ ಸೇರುವ ಹುಡುಗಿ ನಾಲ್ಕು ವರ್ಷ ಓದಿ, ಒಂದು ವರ್ಷ ಇಂಟರ್ನ್‌ಶಿಪ್ ಮಾಡಿ ಹೊರಬರುವುದು 2031ರಲ್ಲಿ. ಅಮಾಲ್ಗಂಗೆ ಆಗ ಉಳಿಯುವುದು ಮೂರೇ ವರ್ಷ. ಅವಳು ಡಾಕ್ಟರಾಗಿ ದುಡಿಯುವುದು ಮೂವತ್ತು ಮೂವತ್ತೈದು ವರ್ಷ. ಮೂರು ವರ್ಷಕ್ಕೆ ಬೇಕಾದ ಕೈಚಳಕವನ್ನು ಮೊದಲ ಪಾಠ ಮಾಡಿ, ಮೂವತ್ತು ವರ್ಷಕ್ಕೆ ಬೇಕಾದದ್ದನ್ನು ಆಮೇಲಿನ ಪಾಠ ಮಾಡಿದರೆ ಅದು ಯಾವ ನ್ಯಾಯ?

ಕಾಲೇಜಿನಲ್ಲಿ ಕಲಿಸುವುದು ಹೇಗೆ

ಬಿಡಿಎಸ್ ಓದಿ ಬಂದ ನಮ್ಮ ಕಡೆಯ ಹುಡುಗ ಹುಡುಗಿಯರನ್ನು ಕೇಳಿ ನೋಡಿ. ಎರಡನೇ ವರ್ಷದಲ್ಲಿ ರೋಗಿಯನ್ನು ಮುಟ್ಟುವ ಮೊದಲು ಪ್ಲಾಸ್ಟರಿನ ದೊಡ್ಡ ಹಲ್ಲಿನ ಮೇಲೆ, ಆಮೇಲೆ ಪ್ಲಾಸ್ಟಿಕ್ ಹಲ್ಲಿನ ಮೇಲೆ, ಕಿತ್ತಿಟ್ಟ ನಿಜವಾದ ಹಲ್ಲಿನ ಮೇಲೆ ಗುಳಿ ಕೊರೆಯುವ ಅಭ್ಯಾಸ ಇರುತ್ತದೆ. ಬಹಳ ಕಾಲದಿಂದ ಈ ಅಭ್ಯಾಸದ ನಡುಗಂಬ ಅಮಾಲ್ಗಂ. ದವಡೆ ಹಲ್ಲಿನ ಪಕ್ಕಕ್ಕೂ ಹರಡಿದ ಹುಳುಕಿಗೆ ‘ಕ್ಲಾಸ್ ಟೂ’ ಎನ್ನುತ್ತಾರೆ. ಆ ಗುಳಿಯನ್ನು ಅಳತೆಗೆ ಸರಿಯಾಗಿ ಕೊರೆದು ಅಮಾಲ್ಗಂ ತುಂಬಿ ತೋರಿಸುವುದೇ ಪ್ರಾಕ್ಟಿಕಲ್ ಪರೀಕ್ಷೆಯ ದೊಡ್ಡ ಕೆಲಸ ಎಂದು ತಲೆಮಾರುಗಳಿಂದ ನಡೆದು ಬಂದಿದೆ. ಮುಂದೆ ರೋಗಿಗಳ ಮೇಲೆ ಕೆಲಸ ಮಾಡುವಾಗ ಇಷ್ಟು ಫಿಲ್ಲಿಂಗ್ ಮುಗಿಸಬೇಕು ಎಂಬ ಕೋಟಾ ಕೂಡ ಇರುತ್ತದೆ.

ಪಾದರಸ ಕಲೆಸುವುದು ಹೇಗೆ? ಹಳೆಯ ಪದ್ಧತಿಯಲ್ಲಿ ಪುಟ್ಟ ಕುಟ್ಟಾಣಿಯಂಥ ಗಾಜಿನ ಬಟ್ಟಲಲ್ಲಿ ಲೋಹದ ಪುಡಿ ಹಾಕಿ, ಪಾದರಸ ಸುರಿದು, ಕೈಯಲ್ಲೇ ಅರೆಯುವುದು. ಹೆಚ್ಚಾದ ಪಾದರಸವನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಬೆರಳಿನಿಂದ ಹಿಂಡಿ ತೆಗೆಯುವುದು. ಹೊಸ ಪದ್ಧತಿಯಲ್ಲಿ ಅಳತೆ ಮಾಡಿದ ಪುಡಿ, ಪಾದರಸ ಎರಡೂ ಒಂದೇ ಕ್ಯಾಪ್ಸೂಲಿನಲ್ಲಿ ಬರುತ್ತವೆ, ಮಷಿನ್ನು ಅದನ್ನು ಅಲುಗಾಡಿಸಿ ಕಲೆಸುತ್ತದೆ. ಬಿಡಿಯಾದ ಪಾದರಸ ಬಳಸಬಾರದು, ಕ್ಯಾಪ್ಸೂಲ್ ಮಾತ್ರ ಬಳಸಬೇಕು ಎಂಬುದು ಕೂಡ ಮಿನಮಾತ ಒಪ್ಪಂದದ 2022ರ ತೀರ್ಮಾನದ ಭಾಗ.

ಪಾದರಸದ ಗುಣ ಗೊತ್ತಲ್ಲ? ನೆಲಕ್ಕೆ ಬಿದ್ದರೆ ನೂರು ಮಣಿಯಾಗಿ ಚದುರುತ್ತದೆ, ಬಿರುಕಿನಲ್ಲಿ ಸೇರುತ್ತದೆ. ಬಿಸಿ ಮಾಡಬೇಕೆಂದೇ ಇಲ್ಲ, ಸಾಧಾರಣ ಕೋಣೆಯ ಶಾಖಕ್ಕೇ ಆವಿಯಾಗುತ್ತದೆ. ಆ ಆವಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಉಸಿರಿನ ಜೊತೆ ಒಳಗೆ ಹೋಗಿ ನರಕ್ಕೂ ಮೂತ್ರಪಿಂಡಕ್ಕೂ ತಾಗುತ್ತದೆ. ಬಸುರಿಯ ಮೈಯಿಂದ ಹೊಟ್ಟೆಯೊಳಗಿನ ಮಗುವಿಗೂ ದಾಟುತ್ತದೆ.

ಒಂದು ಫಿಲ್ಲಿಂಗ್ ಬಾಯಲ್ಲಿರುವ ರೋಗಿಗಿಂತ ಹೆಚ್ಚು ಸಲ ಈ ಆವಿಯ ಹತ್ತಿರ ಇರುವವರು ಯಾರು? ದಿನವೂ ಆ ಲ್ಯಾಬಿನಲ್ಲಿ ಕೂರುವ ವಿದ್ಯಾರ್ಥಿ. ಡಾಕ್ಟರ ಪಕ್ಕ ನಿಂತು ಕಲೆಸಿಕೊಡುವ ಸಹಾಯಕಿ. ಸಂಜೆ ನೆಲ ಗುಡಿಸಿ, ಬಾಯಿ ಮುಕ್ಕಳಿಸಿದ ಬೇಸಿನ್ನು ತೊಳೆಯುವ ಆಯಾ. ಈ ಕೊನೆಯ ಇಬ್ಬರು ಹೆಚ್ಚಾಗಿ ನಮ್ಮ ಹಳ್ಳಿಗಳಿಂದಲೇ ಬಸ್ಸು ಹತ್ತಿ ಹೋಗುವ ಹೆಣ್ಣುಮಕ್ಕಳು. ಬೇಸಿನ್ನಿನಲ್ಲಿ ಹರಿದುಹೋಗುವ ಬೂದುಬಣ್ಣದ ಚೂರುಗಳಲ್ಲಿ ಏನಿದೆ ಎಂದು ಇವರಿಗೆ ಯಾರಾದರೂ ಕೂರಿಸಿ ಹೇಳಿದ್ದಾರೆಯೇ?

ಯಾರ ಬಾಯಿ ಮೇಲೆ ಕಲಿಕೆ

ದೇಶದಲ್ಲಿ ದಂತ ಕಾಲೇಜುಗಳು ಹೆಚ್ಚಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಈ ಕಾಲೇಜುಗಳ ಆಸ್ಪತ್ರೆಗಳಿಗೆ ಬರುವವರು ಯಾರು? ಕಡಿಮೆ ಖರ್ಚಿನಲ್ಲಿ ಆಗುತ್ತದೆ ಎಂದು ಬರುವ ಕೂಲಿಯವರು, ಸಣ್ಣ ರೈತರು, ಮಕ್ಕಳನ್ನು ಕರೆತರುವ ತಾಯಂದಿರು. ಕಾಲೇಜಿನ ಬಸ್ಸು ಹಳ್ಳಿಗೆ ಬಂದು ಶಾಲೆಯ ವರಾಂಡದಲ್ಲಿ ಕ್ಯಾಂಪ್ ಹಾಕಿದಾಗಲೂ ಬಾಯಿ ತೆರೆದು ಕೂರುವವರು ನಾವೇ.

ಇದರಲ್ಲಿ ತಪ್ಪಿಲ್ಲ. ಕಲಿಯುವವರಿಗೆ ಕಲಿಕೆ, ನಮಗೆ ಚಿಕಿತ್ಸೆ. ಆದರೆ ಇನ್ನೊಂದು ಕಡೆ ನೋಡಿ. ಪಟ್ಟಣದ ಖಾಸಗಿ ಕ್ಲಿನಿಕ್ಕುಗಳಿಗೆ ಹೋದರೆ ಹಲ್ಲಿನ ಬಣ್ಣದ ಬಿಳಿ ಫಿಲ್ಲಿಂಗ್‌ದೇ ಮಾತು. ಬೆಳ್ಳಿ ಫಿಲ್ಲಿಂಗ್ ಬೇಕೆಂದು ಕೇಳುವವರು ಅಲ್ಲಿ ಕಡಿಮೆ. ಅಂದರೆ ವಿದ್ಯಾರ್ಥಿ ಬಡವರ ಬಾಯಿಯಲ್ಲಿ ಅಮಾಲ್ಗಂ ಕಲಿಯುತ್ತಾನೆ, ದುಡ್ಡಿದ್ದವರ ಬಾಯಿಯಲ್ಲಿ ಬಿಳಿಯದನ್ನು ಹಾಕುತ್ತಾನೆ. ಒಂದನ್ನು ಕಲಿತು ಇನ್ನೊಂದನ್ನು ಮಾಡುವುದು ಅವನಿಗೂ ಒಳ್ಳೆಯದಲ್ಲ. ಅವನ ಕಲಿಕೆಗಾಗಿ ಬಾಯಿ ಕೊಟ್ಟವರಿಗಂತೂ ನ್ಯಾಯವೇ ಅಲ್ಲ.

ಅಮಾಲ್ಗಂ ಪರವಾದ ಮಾತುಗಳು

ಒಂದೇ ಕಡೆಯ ಮಾತು ಬರೆದು ಕೈತೊಳೆದುಕೊಳ್ಳುವುದು ನಮ್ಮ ಅಭ್ಯಾಸವಲ್ಲ. ಅಮಾಲ್ಗಂ ಬಿಡಬಾರದು ಎನ್ನುವ ಹಿರಿಯ ಡಾಕ್ಟರುಗಳ ಮಾತಿನಲ್ಲೂ ತೂಕವಿದೆ.

ಮೊದಲನೆಯದು, ಅದು ಅಗ್ಗ ಮತ್ತು ಗಟ್ಟಿ. ಎಂಜಲು ತಾಗಿದರೂ ಬೇಗ ಕೆಡದು. ಇಪ್ಪತ್ತು ವರ್ಷ ಬಾಳಿದ ಬೆಳ್ಳಿ ಫಿಲ್ಲಿಂಗ್ ಇರುವವರು ನಿಮ್ಮ ಮನೆಯಲ್ಲೇ ಇರಬಹುದು. ದವಡೆ ಹಲ್ಲಿನ ಫಿಲ್ಲಿಂಗ್ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ ಸಂಸ್ಥೆಯ 2014ರ ವರದಿಯೂ ಇದನ್ನೇ ಹೇಳಿತು. ಅಮಾಲ್ಗಂಗಿಂತ ಬಿಳಿಯ ಕಾಂಪೋಸಿಟ್ ಕೆಡುವ ಸಂಭವ ಹೆಚ್ಚು, ಫಿಲ್ಲಿಂಗ್ ಪಕ್ಕದಲ್ಲಿ ಮತ್ತೆ ಹುಳುಕು ಸೇರುವ ಸಂಭವವೂ ಹೆಚ್ಚು.

ಎರಡನೆಯದು, ಅಮಾಲ್ಗಂ ಹಾಕಿಸಿಕೊಂಡ ರೋಗಿಗೆ ತೊಂದರೆಯಾಗುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಅಮೆರಿಕದಲ್ಲಿ 534 ಮಕ್ಕಳನ್ನು ಐದು ವರ್ಷ, ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ 507 ಮಕ್ಕಳನ್ನು ಏಳು ವರ್ಷ ಗಮನಿಸಿದ ಎರಡು ಅಧ್ಯಯನಗಳು 2006ರಲ್ಲಿ ಪ್ರಕಟವಾದವು. ಬೆಳ್ಳಿ ಫಿಲ್ಲಿಂಗ್ ಇದ್ದ ಮಕ್ಕಳ ಬುದ್ಧಿ, ನೆನಪು, ನಡವಳಿಕೆಗೆ ಬಿಳಿ ಫಿಲ್ಲಿಂಗ್ ಇದ್ದ ಮಕ್ಕಳಿಗಿಂತ ಹಾನಿಯಾದದ್ದು ಅವುಗಳಲ್ಲಿ ಕಾಣಲಿಲ್ಲ. ಆದರೂ ಅಮೆರಿಕದ ಎಫ್‌ಡಿಎ 2020ರಲ್ಲಿ ಬಸುರಿಯರು, ಹಾಲೂಡಿಸುವ ತಾಯಂದಿರು, ಚಿಕ್ಕ ಮಕ್ಕಳು, ನರದ ಕಾಯಿಲೆ ಇರುವವರು, ಮೂತ್ರಪಿಂಡ ಸರಿಯಿಲ್ಲದವರು ಸಾಧ್ಯವಾದಷ್ಟು ಇದರಿಂದ ದೂರ ಇರಲಿ ಎಂದು ಸಲಹೆ ಕೊಟ್ಟಿತು.

ಈ ಎರಡೂ ಮಾತನ್ನು ನಾವು ಒಪ್ಪುತ್ತೇವೆ. ಒಪ್ಪಿದ ಮೇಲೂ ಪಾಠ ಬದಲಾಗಬೇಕು ಎನ್ನುತ್ತೇವೆ. ಯಾಕೆಂದರೆ ಮುಖ್ಯ ಪ್ರಶ್ನೆ ಒಬ್ಬ ರೋಗಿಯ ಬಾಯಿಯದ್ದಲ್ಲ. ಒಂದು ಫಿಲ್ಲಿಂಗ್‌ನಲ್ಲಿ ಅರ್ಧ ಗ್ರಾಂ ಆಸುಪಾಸು ಪಾದರಸ ಇರುತ್ತದೆ, ಹಳೆಯ ಜ್ವರದ ಥರ್ಮಾಮೀಟರಿನಲ್ಲಿ ಇರುತ್ತಿದ್ದಷ್ಟರ ಹತ್ತಿರ ಹತ್ತಿರ. ಕೊರೆದ ಚೂರು ಚರಂಡಿಗೆ ಹೋಗುತ್ತದೆ. ಫಿಲ್ಲಿಂಗ್ ಇರುವ ಹಲ್ಲು ಕಿತ್ತು ಸುಡುವ ಕಸಕ್ಕೆ ಹಾಕಿದರೆ ಪಾದರಸ ಹೊಗೆಯಾಗಿ ಏಳುತ್ತದೆ. ಕೊನೆಗೆ ನಾವು ಸತ್ತಾಗ ಚಿತೆಯಲ್ಲೂ ಅದು ಗಾಳಿ ಸೇರುತ್ತದೆ. ಗಾಳಿಯದ್ದು ಮಳೆಯಲ್ಲಿ ಇಳಿದು ಕೆರೆ, ಹೊಳೆ ಸೇರುತ್ತದೆ. ನೀರಿನ ಅಡಿಯ ಕೆಸರಿನಲ್ಲಿರುವ ಸೂಕ್ಷ್ಮ ಜೀವಿಗಳು ಅದನ್ನು ಮೀನಿನ ಮೈಯಲ್ಲಿ ಕೂರುವ ಇನ್ನೂ ಕೆಟ್ಟ ವಿಷವಾಗಿ ಬದಲಿಸುತ್ತವೆ. ಮಿನಮಾತದ ಜನರನ್ನು ತಿಂದದ್ದು ಆ ಜಾತಿಯ ವಿಷವೇ. ಒಬ್ಬೊಬ್ಬರದು ಚೂರು ಚೂರಾದರೂ ಪಾದರಸಕ್ಕೆ ಕರಗಿ ಇಲ್ಲವಾಗುವ ಗುಣ ಇಲ್ಲ.

ಇನ್ನು ಬಿಳಿಯದು ಬೇಗ ಕೆಡುತ್ತದೆ ಎಂಬ ಮಾತು. ನಮ್ಮ ವಾದದ ಜೀವ ಇರುವುದೇ ಇಲ್ಲಿ.

ಸಾಮಾನು ಬದಲಾದರೆ ಕೈಯೂ ಬದಲಾಗಬೇಕು

ಅಮಾಲ್ಗಂ ಹಲ್ಲಿಗೆ ಅಂಟುವುದಿಲ್ಲ. ಗುಳಿಯಲ್ಲಿ ಸಿಕ್ಕಿಕೊಂಡು ನಿಲ್ಲಬೇಕು. ಅದಕ್ಕೆ ಬಾಯಿ ಕಿರಿದು, ಒಳಗೆ ಅಗಲ ಇರುವ ಗುಳಿ ಬೇಕು. ಜೊತೆಗೆ ತೆಳುವಾದರೆ ಒಡೆಯುತ್ತದೆ, ಆದ್ದರಿಂದ ಆಳವೂ ಬೇಕು. ಹೀಗಾಗಿ ಹುಳುಕು ಸಾಸಿವೆಯಷ್ಟಿದ್ದರೂ ಗುಳಿ ಕಡಲೆಯಷ್ಟು ಆಗುತ್ತದೆ. ಅಮೆರಿಕದ ಜಿ.ವಿ. ಬ್ಲಾಕ್ ಎಂಬ ಡಾಕ್ಟರು ನೂರು ವರ್ಷಕ್ಕೂ ಹಿಂದೆ ಈ ಗುಳಿಯ ಅಳತೆ, ಆಕಾರ, ವರ್ಗ ಎಲ್ಲ ಬರೆದಿಟ್ಟರು. 1908ರ ಅವರ ಪುಸ್ತಕ ಜಗತ್ತಿನ ದಂತ ಕಾಲೇಜುಗಳಿಗೆಲ್ಲ ದಾರಿಯಾಯಿತು. ಮುಂದೆ ಹುಳುಕು ಬರಬಹುದಾದ ಜಾಗವನ್ನೂ ಈಗಲೇ ಕೊರೆದು ತುಂಬಿಬಿಡು ಎನ್ನುವುದು ಆ ಕಾಲದ ನೀತಿ. ಅಂದಿಗೆ ಅದು ಸರಿಯೇ ಇತ್ತು, ಬೇರೆ ಸಾಮಾನು ಇರಲಿಲ್ಲ.

ಕಾಂಪೋಸಿಟ್ ಹಾಗಲ್ಲ, ಅದು ಅಂಟುತ್ತದೆ. ಹುಳುಕು ಎಷ್ಟಿದೆಯೋ ಅಷ್ಟನ್ನೇ ತೆಗೆದರೆ ಸಾಕು. ಆದರೆ ಅದರ ನೇಮ ಕಠಿಣ. ಮೊದಲು ಆ್ಯಸಿಡ್ ಹಚ್ಚಿ ಹಲ್ಲಿನ ಮೇಲ್ಮೈ ತರಿ ಮಾಡಬೇಕು, ತೊಳೆದು ಅಂಟು ಸವರಬೇಕು, ಆಮೇಲೆ ಎರಡೆರಡು ಮಿಲಿಮೀಟರಿನ ಪದರವಾಗಿ ತುಂಬಿ ಪ್ರತಿ ಪದರಕ್ಕೂ ನೀಲಿ ಬೆಳಕು ಹಿಡಿಯಬೇಕು. ಈ ನಡುವೆ ಒಂದು ಹನಿ ಎಂಜಲು, ಒಂದು ತೊಟ್ಟು ರಕ್ತ ತಾಗಿದರೂ ಅಂಟು ಕೆಡುತ್ತದೆ. ಹಲ್ಲಿನ ಸುತ್ತ ರಬ್ಬರಿನ ಹಾಳೆ ಕಟ್ಟಿ ಒಣಗಿಸಿಟ್ಟುಕೊಳ್ಳುವುದೇ ಒಂದು ವಿದ್ಯೆ.

ಅಮಾಲ್ಗಂ ಗುಳಿ ಕೊರೆದು ಪಳಗಿದ ಕೈ ಅದೇ ಗುಳಿಗೆ, ಅದೇ ಅವಸರದಲ್ಲಿ, ಅರ್ಧಂಬರ್ಧ ಒಣಗಿಸಿ ಕಾಂಪೋಸಿಟ್ ತುಂಬಿದರೆ ಏನಾಗುತ್ತದೆ? ಎರಡೇ ವರ್ಷಕ್ಕೆ ಅಂಚು ಬಿಟ್ಟು, ಕೆಳಗೆ ಹುಳುಕು ಸೇರಿ, ರೋಗಿ ಮತ್ತೆ ಬಂದು ಕುಳಿತಿರಬಹುದು. ಆಗ ಬೇರಿನ ಚಿಕಿತ್ಸೆ ಎನ್ನುತ್ತಾರೆ. ಸಾವಿರಗಟ್ಟಲೆ ದುಡ್ಡಿಲ್ಲದವರು ಕೀಳಿಸಿಕೊಂಡು ಹೋಗುತ್ತಾರೆ. ಅದಕ್ಕೇ ನಾವು ಮೊದಲೇ ಹೇಳಿದ್ದು, ಪಾಠ ಬದಲಾಗದೆ ಸಾಮಾನು ಬದಲಾದರೆ ಸೋಲುವವರು ಹಳ್ಳಿಯವರು ಎಂದು.

ಇದನ್ನು ಮಾಡಿ ತೋರಿಸಿದ ಕಾಲೇಜು ಇದೆ. ನೆದರ್‌ಲ್ಯಾಂಡ್ಸ್ ದೇಶದ ನೈಮೇಗನ್ ಎಂಬ ಊರಿನ ದಂತ ಕಾಲೇಜು 2001ರಲ್ಲೇ ಅಮಾಲ್ಗಂ ಪಾಠ ಬಿಟ್ಟು, ದವಡೆ ಹಲ್ಲಿಗೂ ಕಾಂಪೋಸಿಟ್ ಹಾಕುವುದನ್ನೇ ಮೊದಲಿನಿಂದ ಕಲಿಸತೊಡಗಿತು. ನಾರ್ವೆ 2008ರಲ್ಲಿ, ಸ್ವೀಡನ್ 2009ರಲ್ಲಿ ಅಮಾಲ್ಗಂ ನಿಷೇಧಿಸಿದವು. ಅಲ್ಲಿನ ಜನ ಹಲ್ಲಿಲ್ಲದೆ ಕೂತಿಲ್ಲ.

ಕರೆಂಟ್ ಇಲ್ಲದ ಊರಿಗೆ ಏನು

ಅದು ಶ್ರೀಮಂತ ದೇಶದ ಮಾತಾಯಿತು, ನಮ್ಮ ಆರೋಗ್ಯ ಕೇಂದ್ರದಲ್ಲಿ ಕರೆಂಟೇ ಇರುವುದಿಲ್ಲ, ನೀಲಿ ಬೆಳಕು ಎಲ್ಲಿಂದ ತರುವುದು ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಯುರೋಪಿನಿಂದಲ್ಲ, ಆಫ್ರಿಕಾದಿಂದ ಬಂದಿದೆ.

1980ರ ದಶಕದ ನಡುವೆ ಟಾಂಜಾನಿಯಾದಲ್ಲಿ, ಡ್ರಿಲ್ ಮಷಿನ್ನು, ಕರೆಂಟು, ಕೊಳಾಯಿ ನೀರು ಯಾವುದೂ ಇಲ್ಲದ ಕಡೆ ಒಂದು ಪದ್ಧತಿ ಬೆಳೆಯಿತು. ಹೆಸರು ಎಆರ್‌ಟಿ. ಕೈ ಉಪಕರಣದಿಂದ ಮೆತ್ತಗಾದ ಹುಳುಕನ್ನು ಕೆರೆದು ತೆಗೆಯುವುದು, ಗ್ಲಾಸ್ ಅಯಾನೊಮರ್ ಎಂಬ ಸಿಮೆಂಟನ್ನು ಪುಡಿ ಮತ್ತು ದ್ರವ ಕಲೆಸಿ ಬೆರಳಿನಿಂದ ಒತ್ತಿ ತುಂಬುವುದು. ಹೆಚ್ಚಿನ ಸಲ ಇಂಜೆಕ್ಷನ್ ಬೇಕಿಲ್ಲ, ಡ್ರಿಲ್ಲಿನ ಸದ್ದಿಲ್ಲ, ಮಕ್ಕಳು ಅಳುವುದು ಕಡಿಮೆ. ಮೇಜಿನ ಮೇಲೆ ಮಲಗಿಸಿ ಮಾಡಬಹುದು. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲೇ ಇದನ್ನು ಎತ್ತಿ ಹಿಡಿಯಿತು.

ಗ್ಲಾಸ್ ಅಯಾನೊಮರ್ ಹಲ್ಲಿಗೆ ತಾನಾಗಿ ಅಂಟುತ್ತದೆ, ಅಲ್ಪಸ್ವಲ್ಪ ಫ್ಲೋರೈಡ್ ಬಿಡುತ್ತಾ ಹಲ್ಲನ್ನು ಕಾಯುತ್ತದೆ. ಅದರ ಮಿತಿಯನ್ನೂ ಹೇಳಬೇಕು. ಅಗಿಯುವ ಹಲ್ಲಿನ ಎರಡು ಮೂರು ಮಗ್ಗುಲು ಹೋದ ದೊಡ್ಡ ಗುಳಿಗೆ ಅದು ಅಷ್ಟು ತಾಳುವುದಿಲ್ಲ, ಸವೆಯುತ್ತದೆ. ಚಿಕ್ಕ ಗುಳಿಗೆ, ಒಂದೇ ಮಗ್ಗುಲಿನ ಹುಳುಕಿಗೆ, ಮಕ್ಕಳ ಹಲ್ಲಿಗೆ ಚೆನ್ನಾಗಿ ನಡೆಯುತ್ತದೆ. ಹುಳುಕು ದೊಡ್ಡದಾಗುವ ಮೊದಲೇ ಹಿಡಿದರೆ ಹಳ್ಳಿಯ ಬಹಳಷ್ಟು ಕೆಲಸ ಇದರಲ್ಲೇ ಆಗುತ್ತದೆ.

ಇನ್ನೊಂದು ಇದೆ, ಸಿಲ್ವರ್ ಡಯಮೀನ್ ಫ್ಲೋರೈಡ್. ಒಂದು ಹನಿ ದ್ರವವನ್ನು ಹುಳುಕಿಗೆ ಸವರಿದರೆ ಹುಳುಕು ಅಲ್ಲಿಗೇ ನಿಲ್ಲುವ ಸಾಧ್ಯತೆ ಹೆಚ್ಚು. ಕೊರೆಯುವುದೇ ಬೇಡ. ಆ ಜಾಗ ಕಪ್ಪಾಗುತ್ತದೆ, ಅದನ್ನು ಮೊದಲೇ ತಾಯಿ ತಂದೆಗೆ ಹೇಳಬೇಕು. ಬಿದ್ದುಹೋಗುವ ಹಾಲುಹಲ್ಲಾದರೆ ಕಪ್ಪಾದರೇನು, ನೋವಿಲ್ಲದೆ ಮಗು ಉಂಡು ಮಲಗಿದರೆ ಸಾಕು ಎನ್ನುವ ತಾಯಂದಿರು ಬಹಳ ಜನ ಸಿಗುತ್ತಾರೆ. ಗ್ಲಾಸ್ ಅಯಾನೊಮರ್, ಈ ದ್ರವ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ.

ದಂತ ಕಾಲೇಜುಗಳಲ್ಲಿ ಇವುಗಳ ಹೆಸರು ಹೇಳುವುದಿಲ್ಲ ಎಂದಲ್ಲ. ಹೇಳುತ್ತಾರೆ, ನೋಟ್ಸ್ ಬರೆಸುತ್ತಾರೆ. ಆದರೆ ವಿದ್ಯಾರ್ಥಿ ರಾತ್ರಿ ಕೂತು ಅಭ್ಯಾಸ ಮಾಡುವುದು ಯಾವುದನ್ನು? ಪರೀಕ್ಷೆಯಲ್ಲಿ ಮಾರ್ಕ್ಸ್ ಇರುವುದನ್ನು. ನಮ್ಮ ಡಿಪ್ಲೊಮಾ ಕ್ಲಾಸಿನಲ್ಲೂ ಹಾಗೇ ಇತ್ತು, ಯಾವ ಕ್ಲಾಸಿನಲ್ಲೂ ಹಾಗೇ ಇರುತ್ತದೆ.

ನಮ್ಮ ಬೇಡಿಕೆ

ದಂತ ಶಿಕ್ಷಣದ ನಿಯಮಗಳು ಈಗ ಹೇಗೂ ಬದಲಾಗುವ ಹೊತ್ತು. 1948ರ ದಂತವೈದ್ಯರ ಕಾಯ್ದೆಯ ಜಾಗಕ್ಕೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ದಂತ ಆಯೋಗ ಕಾಯ್ದೆ ತಂದಿದೆ. ದೇಶದ ಪಠ್ಯದ ಚೌಕಟ್ಟು ಹಾಕುವುದು ದೆಹಲಿಯಲ್ಲಾದರೂ, ನಮ್ಮ ರಾಜ್ಯದಲ್ಲಿ ಸಂಯೋಜಿತ ಕಾಲೇಜುಗಳ ಪರೀಕ್ಷೆ ನಡೆಸುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಡೀಮ್ಡ್ ವಿಶ್ವವಿದ್ಯಾಲಯಗಳು ತಮ್ಮ ಪರೀಕ್ಷೆ ತಾವೇ ಮಾಡಿಕೊಳ್ಳುತ್ತವೆ. ಇವರೆಲ್ಲರ ಮುಂದೆ ನಾವು ಇಡುವ ಮಾತು ಇವು.

1. ಪ್ರಾಕ್ಟಿಕಲ್ ಪರೀಕ್ಷೆಯ ದೊಡ್ಡ ಮಾರ್ಕ್ಸ್ ದವಡೆ ಹಲ್ಲಿನ ಕಾಂಪೋಸಿಟ್‌ಗೆ, ಗ್ಲಾಸ್ ಅಯಾನೊಮರ್‌ಗೆ ಹೋಗಲಿ. ಎಂಜಲು ತಾಗದಂತೆ ಹಲ್ಲು ಒಣಗಿಸಿಟ್ಟುಕೊಂಡದ್ದಕ್ಕೂ ಮಾರ್ಕ್ಸ್ ಇರಲಿ. ರೋಗಿಗಳ ಮೇಲೆ ಅಮಾಲ್ಗಂ ಕೋಟಾ ಬೇಡವೇ ಬೇಡ.

2. ಗುಳಿ ಕೊರೆಯುವ ಮೊದಲು ಕೊರೆಯಬೇಕೋ ಬೇಡವೋ ಎಂದು ನಿರ್ಧರಿಸುವುದನ್ನು ಕಲಿಸಲಿ. ಸವರಿ ನಿಲ್ಲಿಸಬಹುದಾದ ಹುಳುಕು ಯಾವುದು, ಕೆರೆದು ತುಂಬಬೇಕಾದದ್ದು ಯಾವುದು, ಬರೀ ಬ್ರಷ್ ಮತ್ತು ಫ್ಲೋರೈಡ್ ಪೇಸ್ಟಿನಲ್ಲಿ ಸರಿಹೋಗುವ ಬಿಳಿ ಮಚ್ಚೆ ಯಾವುದು ಎಂಬುದು ಮೊದಲ ಪಾಠವಾಗಲಿ.

3. ಕರೆಂಟ್ ಇಲ್ಲದ ಕಡೆ, ಶಾಲೆಯ ವರಾಂಡದಲ್ಲಿ, ಅಳುವ ಮಗುವಿನ ಬಾಯಲ್ಲಿ ಕೆಲಸ ಮಾಡುವುದನ್ನು ಇಂಟರ್ನ್‌ಶಿಪ್‌ನ ಕಡ್ಡಾಯ ಭಾಗ ಮಾಡಲಿ. ಹಳ್ಳಿ ಕ್ಯಾಂಪ್ ಎಂದರೆ ನೋಡಿ, ಚೀಟಿ ಬರೆದು, ಕಾಲೇಜಿಗೆ ಬನ್ನಿ ಎನ್ನುವುದಷ್ಟೇ ಆಗಬಾರದು. ಅಲ್ಲೇ ಆಗುವ ಕೆಲಸ ಅಲ್ಲೇ ಆಗಲಿ.

4. ಅಮಾಲ್ಗಂ ಪಾಠ ಪೂರ್ತಿ ಬಿಡಬೇಕಿಲ್ಲ, ಅದರ ಜಾಗ ಬದಲಾಗಲಿ. ಜನರ ಬಾಯಲ್ಲಿ ಈಗಿರುವ ಬೆಳ್ಳಿ ಫಿಲ್ಲಿಂಗ್ ಇನ್ನೂ ಮೂವತ್ತು ವರ್ಷ ಇರುತ್ತವೆ. ಒಡೆದದ್ದನ್ನು ನೀರು ಚಿಮುಕಿಸಿ, ಜೋರಾಗಿ ಎಳೆಯುವ ಸಕ್ಷನ್ ಇಟ್ಟು, ದೊಡ್ಡ ದೊಡ್ಡ ತುಂಡಾಗಿ ತೆಗೆಯುವುದು ಹೇಗೆ, ಚೂರನ್ನು ಮುಚ್ಚಳದ ಡಬ್ಬಿಯಲ್ಲಿ ಕೂಡಿಡುವುದು ಹೇಗೆ, ಚರಂಡಿಗೆ ಹೋಗದಂತೆ ಸೋಸುವ ಸಾಧನ ಕೂರಿಸುವುದು ಹೇಗೆ, ಇದು ಪಾಠವಾಗಲಿ. ಈ ಪಾಠಕ್ಕೆ ಸಹಾಯಕಿಯರನ್ನೂ ಆಯಾಗಳನ್ನೂ ಕೂರಿಸಲಿ, ಕನ್ನಡದಲ್ಲೇ ಹೇಳಲಿ.

5. ಈಗಾಗಲೇ ಪಾಸಾಗಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇರುವ ಡಾಕ್ಟರುಗಳಿಗೆ ಕೈಯಲ್ಲಿ ಮಾಡಿಸಿ ಕಲಿಸುವ ತರಬೇತಿ ಬೇಕು. ಹೋಟೆಲ್ ಸಭಾಂಗಣದಲ್ಲಿ ಭಾಷಣ ಕೇಳಿ ಸರ್ಟಿಫಿಕೇಟ್ ತರುವ ತರಬೇತಿ ಸಾಲದು.

6. ಆರೋಗ್ಯ ಇಲಾಖೆ ಇಂಡೆಂಟಿನಲ್ಲಿ ಗ್ಲಾಸ್ ಅಯಾನೊಮರ್, ಕಾಂಪೋಸಿಟ್, ಬೆಳಕಿನ ಯಂತ್ರ ಸರಿಯಾಗಿ ಸೇರಿಸಿ ಕಳಿಸಲಿ. ಕಲಿತ ಕೈಗೆ ಸಾಮಾನು ಸಿಗದಿದ್ದರೆ ಉಳಿಯುವುದು ಇಕ್ಕಳ ಒಂದೇ. ಹುಳುಕು ಹಲ್ಲಿಗೆ ಕೀಳುವುದೊಂದೇ ಔಷಧಿ ಎಂದಾಗುತ್ತದೆ.

ಹೊಸ ಸಾಮಾನಿಗೆ ಖರ್ಚು ಹೆಚ್ಚು ಎನ್ನುವವರಿಗೆ ಒಂದು ಮಾತು. ಪಾದರಸದ ಕಸ ಸರಿಯಾಗಿ ಕೂಡಿಟ್ಟು, ಸಾಗಿಸಿ, ವಿಲೇವಾರಿ ಮಾಡುವ ಖರ್ಚನ್ನೂ ಅಮಾಲ್ಗಂ ಲೆಕ್ಕಕ್ಕೆ ಸೇರಿಸಿ ನೋಡಿ. ಅದನ್ನು ಈಗ ಯಾರೂ ಬಿಲ್ಲಿನಲ್ಲಿ ಬರೆಯುವುದಿಲ್ಲ, ಹಾಗಾಗಿ ಅಗ್ಗ ಕಾಣುತ್ತದೆ. ಆ ಬಿಲ್ಲು ಕೆರೆಗೆ, ಚರಂಡಿಗೆ, ನೆಲ ಒರೆಸುವವಳ ಉಸಿರಿಗೆ ಹೋಗುತ್ತಿದೆ.

ನೀವು ಕೇಳಬಹುದಾದದ್ದು

ಓದುಗರೇ, ಕಾಲೇಜಿನ ಪಠ್ಯ ನಮ್ಮ ಕೈಯಲ್ಲಿಲ್ಲ. ಆದರೆ ಬಾಯಿ ನಮ್ಮದು. ಮುಂದಿನ ಸಲ ಹಲ್ಲು ತುಂಬಿಸಲು ಕೂತಾಗ ಸಮಾಧಾನವಾಗಿ ಕೇಳಿ: ‘ಡಾಕ್ಟ್ರೇ, ಯಾವ ಫಿಲ್ಲಿಂಗ್ ಹಾಕ್ತಿದ್ದೀರಿ? ಇದ್ರಲ್ಲಿ ಪಾದರಸ ಇದೆಯಾ? ಬೇರೆ ಹಾಕೋಕಾಗುತ್ತಾ, ಎಷ್ಟು ಕಾಲ ಬರುತ್ತೆ?’ ಬಸುರಿಯಾಗಿದ್ದರೆ, ಮಗುವಿಗೆ ಹಾಲು ಕುಡಿಸುತ್ತಿದ್ದರೆ, ಮೂತ್ರಪಿಂಡದ ತೊಂದರೆ ಇದ್ದರೆ ಅದನ್ನು ನೀವೇ ಮೊದಲು ಹೇಳಿಬಿಡಿ. ಮಗುವನ್ನು ಕರೆದೊಯ್ದಿದ್ದರೆ ವಯಸ್ಸು ಹೇಳಿ. ಕೇಳಿದರೆ ಡಾಕ್ಟರು ಬೇಸರಿಸಿಕೊಳ್ಳುತ್ತಾರೆ ಎಂದು ಅಂಜಬೇಡಿ. ಒಳ್ಳೆಯ ಡಾಕ್ಟರಿಗೆ ಕೇಳುವ ರೋಗಿ ಬಂದರೆ ಖುಷಿ.

ಶಾಲೆಗೆ ಕಾಲೇಜಿನ ಕ್ಯಾಂಪ್ ಬರುತ್ತದೆ ಎಂದಾಗ ಎಸ್‌ಡಿಎಂಸಿಯವರು ಹೆಡ್‌ಮಾಸ್ತರ ಮೂಲಕ ಮೊದಲೇ ಒಂದು ಮಾತು ಕೇಳಲಿ: ಮಕ್ಕಳಿಗೆ ಏನು ಹಾಕುತ್ತೀರಿ, ಇಲ್ಲೇ ಹಾಕುತ್ತೀರಾ, ಆರು ತಿಂಗಳಿಗೆ ಮತ್ತೆ ಬಂದು ನೋಡುತ್ತೀರಾ? ಮನೆಯಲ್ಲಿ ಯಾರಾದರೂ ಬಿಡಿಎಸ್ ಓದುತ್ತಿದ್ದರೆ ಅವರಿಗೂ ಈ ಬರಹ ಕಳಿಸಿ. ಪಾದರಸ ಹೇಗೆ ಕಲೆಸುತ್ತೀರಿ, ಕಿಟಕಿ ತೆಗೆದಿರುತ್ತದೆಯೇ, ಚೂರನ್ನು ಎಲ್ಲಿ ಹಾಕುತ್ತೀರಿ ಎಂದು ಅಕ್ಕರೆಯಿಂದ ಕೇಳಿ.

ಪರೀಕ್ಷೆಯಲ್ಲಿ ಏನು ಕೇಳುತ್ತಾರೋ ಅದೇ ಕೈಗೆ ಬರುತ್ತದೆ, ಕೈಗೆ ಬಂದದ್ದೇ ಕಡೆಗೆ ನಮ್ಮ ಬಾಯಿಗೆ ಬರುತ್ತದೆ. 2034 ಬಹಳ ದೂರವಿಲ್ಲ. ಈ ವರ್ಷ ಕಾಲೇಜಿಗೆ ಸೇರುವ ಹುಡುಗ ಹುಡುಗಿಯರ ಮೊದಲ ಪ್ರಾಕ್ಟಿಕಲ್ ಕ್ಲಾಸಿನಿಂದಲೇ ಬದಲಾವಣೆ ಶುರುವಾಗಲಿ ಎಂದು ಆರೋಗ್ಯ ವಿಶ್ವವಿದ್ಯಾಲಯವನ್ನು ನಾವು ಕೇಳುತ್ತೇವೆ. ನೀವೂ ಕೇಳಿ.